ಉರಿ ಒಂದೇ, ಕಾವು ಬೇರೆ ಬೇರೆ

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಬಳಸಿಕೊಂಡು. ಹರೆಯದಲ್ಲಿ ಸುಮಾರು 20 ಗ್ರಾಂ ತೂಗುವ ಇದು ವಯಸ್ಸಾದಂತೆ ಬಹುಪಾಲು ಗಂಡಸರಲ್ಲಿ ಊದಿಕೊಳ್ಳುತ್ತದೆ. ನಾಳ ಕಿರಿದಾಗುತ್ತದೆ. ಮೂತ್ರ ಸಣ್ಣ ಎಳೆಯಾಗಿ, ತಡೆತಡೆದು ಬರುತ್ತದೆ. ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ಮಾತ್ರೆಗೆ ಬಗ್ಗದಿದ್ದರೆ, ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಬೆಳೆದ ಭಾಗವನ್ನು ಕೆತ್ತಿ ತೆಗೆಯುವ ಟಿಯುಆರ್‌ಪಿ ಶಸ್ತ್ರಕ್ರಿಯೆ ದಶಕಗಳಿಂದ ಇದೆ. ಆದರೆ ಹೃದಯ ದುರ್ಬಲವಾಗಿ ಅರಿವಳಿಕೆ ತಡೆಯಲಾರದವರ ಗತಿ?

ಅಂಥವರಿಗಾಗಿ ಬಂದ ದಾರಿಗಳಲ್ಲಿ ಒಂದು ಮೈಕ್ರೋವೇವ್ ಶಾಖ. ಕ್ಯಾಥೆಟರಿನೊಳಗೆ ಪುಟ್ಟ ಆಂಟೆನಾ ಇಟ್ಟು ಗ್ರಂಥಿಯ ನಡುವೆ ನಿಲ್ಲಿಸುತ್ತಾರೆ. ಕ್ಯಾಥೆಟರಿನೊಳಗೇ ತಣ್ಣೀರು ಸುತ್ತುತ್ತಿರುವುದರಿಂದ ನಾಳದ ಒಳಪದರ ಸುಡುವುದಿಲ್ಲ. ಆಚೆಯ ಊದಿದ ಅಂಗಾಂಶ 45 ಡಿಗ್ರಿ ದಾಟಿ ಕಾಯುತ್ತದೆ. ಗುದನಾಳಕ್ಕೆ ಕಾವು ತಟ್ಟದಂತೆ ಅಲ್ಲೊಂದು ತಾಪಮಾಪಕ ಕಾವಲಿರುತ್ತದೆ. ಸತ್ತ ಜೀವಕೋಶಗಳನ್ನು ದೇಹ ಕೆಲವು ವಾರಗಳಲ್ಲಿ ತೆರವು ಮಾಡುತ್ತದೆ. ಅಮೆರಿಕದ ಎಫ್‌ಡಿಎ 1996ರಲ್ಲಿ ಇಂಥ ಮೊದಲ ಯಂತ್ರ ಪ್ರಾಸ್ಟಟ್ರಾನ್‌ಗೆ ಒಪ್ಪಿಗೆ ಕೊಟ್ಟಿತು.

ಫಲ ಮಾತ್ರ ಎಲ್ಲರಿಗೂ ಒಂದೇ ಆಗಲಿಲ್ಲ. ಅದೇ ಯಂತ್ರ, ಅದೇ ವೈದ್ಯರು; ಒಬ್ಬರ ಧಾರೆ ಸರಾಗವಾಯಿತು, ಇನ್ನೊಬ್ಬರು ಕೊನೆಗೆ ಶಸ್ತ್ರಕ್ರಿಯೆಗೇ ಬಂದರು. ಯಾರಿಗೆ ಗುಣವಾದೀತೆಂದು ಮೊದಲೇ ಹೇಳಬಹುದೇ ಎಂದು ನೆದರ್ಲೆಂಡ್ಸ್‌ನ ನೈಮೇಖನ್ ನಗರದ ಮೂತ್ರರೋಗ ತಜ್ಞರು 1990ರ ದಶಕದಲ್ಲಿ ರೋಗಿಗಳ ದಾಖಲೆ ಜಾಲಾಡಿದರು. ಹೆಚ್ಚು ವಯಸ್ಸಾದವರು, ದೊಡ್ಡ ಗ್ರಂಥಿಯವರು, ಮೂತ್ರಕೋಶದ ಒತ್ತಡ ಪರೀಕ್ಷೆಯಲ್ಲಿ ಅಡ್ಡಿ ಖಚಿತವಾದವರು, ಹೆಚ್ಚು ಮೈಕ್ರೋವೇವ್ ಶಕ್ತಿ ಪಡೆದವರು ಚೆನ್ನಾಗಿ ಸುಧಾರಿಸಿದ್ದರು. ಚಿಕ್ಕ ಗ್ರಂಥಿಯೇ ಸುಲಭ ಎಂಬ ನಮ್ಮ ಊಹೆ ಇಲ್ಲಿ ತಲೆಕೆಳಗು.

ಇದಕ್ಕಿಂತ ಕುತೂಹಲದ್ದು ರಕ್ತದ ಪಾತ್ರ. ಬಚ್ಚಲ ಹಂಡೆಯ ಕೆಳಗೆ ಎಷ್ಟೇ ಉರಿ ಹಾಕಿ, ಮೇಲಿಂದ ಯಾರೋ ತಣ್ಣೀರು ಸುರಿಯುತ್ತಲೇ ಇದ್ದರೆ ನೀರು ಕಾಯುವುದಿಲ್ಲ. ಗ್ರಂಥಿಯಲ್ಲಿ ಹರಿಯುವ 37 ಡಿಗ್ರಿಯ ರಕ್ತ ಆ ತಣ್ಣೀರಿನ ಹಾಗೆ, ಕಾವನ್ನು ಹೊತ್ತೊಯ್ಯುತ್ತದೆ. ಸಾಲದ್ದಕ್ಕೆ, ಬಿಸಿ ತಾಗಿದೊಡನೆ ಕೆಲವರಲ್ಲಿ ಆ ಹರಿವು ಇನ್ನೂ ಜೋರಾಗುತ್ತದೆ. ಇಲ್ಲಿ ಒಂದೆರಡು ಡಿಗ್ರಿಯೂ ಸಣ್ಣ ಮಾತಲ್ಲ. 43 ಡಿಗ್ರಿಯಿಂದ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಜೀವಕೋಶ ಸಾಯಲು ಬೇಕಾದ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 43ರಲ್ಲಿ ನಾಲ್ಕು ಗಂಟೆ ಹಿಡಿಯುವ ಕೆಲಸ 45ರಲ್ಲಿ ಒಂದು ಗಂಟೆ, 50ರಲ್ಲಿ ಎರಡು ನಿಮಿಷಕ್ಕೂ ಕಡಿಮೆ. ರಕ್ತ ಐದು ಡಿಗ್ರಿ ಕದ್ದರೆ ಚಿಕಿತ್ಸೆಯೇ ಸೋತಂತೆ.

ಹಾಗಾಗಿ ಸ್ವೀಡನ್ನಿನ ಪ್ರಾಸ್ಟಲುಂಡ್ ಯಂತ್ರ ಊಹೆಯನ್ನು ಬಿಟ್ಟು ಅಳತೆಗೆ ಇಳಿಯಿತು. ಸೂಜಿಯಂಥ ತಾಪಮಾಪಕವನ್ನು ಗ್ರಂಥಿಯೊಳಗೇ ಚುಚ್ಚಿ, ಆ ಕ್ಷಣದ ಕಾವಿನಿಂದ ರಕ್ತದ ಹರಿವನ್ನೂ ಸತ್ತ ಅಂಗಾಂಶದ ಪ್ರಮಾಣವನ್ನೂ ಲೆಕ್ಕ ಹಾಕಿ, ಅದು ಸಾಕಾದಾಗ ನಿಲ್ಲಿಸುವುದು ಇದರ ಕ್ರಮ. ಹರಿವು ಜೋರಿರುವವರಿಗೆ ಅಡ್ರಿನಲಿನ್ ಬೆರೆಸಿದ ಮರಗಟ್ಟಿಸುವ ಮದ್ದನ್ನು ಗ್ರಂಥಿಗೇ ಚುಚ್ಚಿ ರಕ್ತನಾಳಗಳನ್ನು ಬಿಗಿಸುವ ಉಪಾಯವೂ ಬಂತು. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಗೆಲುವು ಇದೇ: ಮೊದಲೇ ಭವಿಷ್ಯ ಹೇಳುವ ಬದಲು, ಮೇಜಿನ ಮೇಲೆ ಮಲಗಿರುವ ಒಬ್ಬ ರೋಗಿಯ ದೇಹ ಆ ಗಳಿಗೆಯಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುವುದು.

ಈಗ ಮೈಕ್ರೋವೇವ್ ಬಳಕೆ ತಗ್ಗಿದೆ. ಲೇಸರ್ ಇದೆ, ಸೂಜಿಯಿಂದ ನೀರಾವಿ ಹಾಯಿಸುವ ರೆಜೂಮ್ ವಿಧಾನಕ್ಕೂ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಾವುದೇ ಆದರೂ ನಿಮಗೆ ಒಗ್ಗುವುದೇ ಎಂದು ತಿಳಿಯಲು ಗ್ರಂಥಿಯ ಗಾತ್ರ, ಧಾರೆಯ ವೇಗ, ಹೋಗಿ ಬಂದ ಮೇಲೆ ಉಳಿಯುವ ಮೂತ್ರ ಇವು ಗೊತ್ತಿರಲೇಬೇಕು. ಧಾರೆ ಸೆಕೆಂಡಿಗೆ 10 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಅಡ್ಡಿಯ ಶಂಕೆ ಬಲವಾಗುತ್ತದೆ. ಚಿಕಿತ್ಸೆಗೆ ಒಪ್ಪುವ ಮುನ್ನ ಈ ಅಳತೆಗಳನ್ನು ವೈದ್ಯರಲ್ಲಿ ಕೇಳಿ. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರುವ ಅಪ್ಪ, ಅಜ್ಜಂದಿರನ್ನು ನೀವೇ ಕರೆದೊಯ್ಯಿರಿ. ಮೂತ್ರ ಪೂರ್ತಿ ಕಟ್ಟಿಕೊಂಡರಂತೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.