ಗಣಕಸಮೂಹಗಳ ನವೀಕರಣ ಮತ್ತು ಜಾಲವಿನ್ಯಾಸದ ರಕ್ಷಣೆ

ಹೈದರಾಬಾದಿನ ಕುಷಾಯಿಗೂಡದ ಹೆಸರು ಭಾರತದ ಗಣಕಯಂತ್ರಗಳ ಚರಿತ್ರೆಗೆ ಹೊರಗಿನದಲ್ಲ. 1967ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಅದರ ನೆರೆಯಲ್ಲಿಯೇ ನೆಲೆಗೊಂಡು ಟಿ.ಡಿ.ಸಿ. ಮಾಲೆಯ ಗಣಕಗಳನ್ನು ನಿರ್ಮಿಸಿತು. ಅಂದಿನ ಗಣಕವು ಒಂಟಿ ಯಂತ್ರ. ಇಂದಾದರೋ ಒಂದು ಯಂತ್ರದೊಳಗೆ ಹಲವು ಕಲ್ಪಿತ ಯಂತ್ರಗಳು ನಡೆಯುತ್ತವೆ; ಅಂತಹ ಆಶ್ರಯಯಂತ್ರಗಳು ಹಲವು ಕೂಡಿ, ತಮ್ಮ ಡಿಸ್ಕುಗಳನ್ನೆಲ್ಲ ಬೆಸೆದು, ಒಂದೇ ಉಗ್ರಾಣವಾಗುತ್ತವೆ. ಇವನ್ನು ಬೆಸೆಯುವ ಸೂತ್ರವೇ ಜಾಲ. ಸೂತ್ರ ಹರಿದರೆ ಉಗ್ರಾಣವಿಲ್ಲ.

ಮೂರು ಆಶ್ರಯಯಂತ್ರಗಳ ಸಮೂಹವೊಂದನ್ನು ಪರಿಭಾವಿಸೋಣ. ಸೆಫ್ ಎಂಬ ಸಂಗ್ರಹವ್ಯವಸ್ಥೆಯ ರೂಢಿಯ ಏರ್ಪಾಡಿನಂತೆ ಪ್ರತಿಯೊಂದು ದತ್ತಾಂಶಕ್ಕೂ ಮೂರು ಪ್ರತಿಗಳಿರುತ್ತವೆ. ಎರಡಾದರೂ ಲಭ್ಯವಿಲ್ಲದಿದ್ದರೆ ಓದುಬರಹಗಳೆರಡೂ ನಿಲ್ಲುತ್ತವೆ. ಸಮೂಹದ ನಿರ್ಣಯಕ್ಕೂ ಮೂರರಲ್ಲಿ ಎರಡರ ಬಹುಮತ ಬೇಕು. ನವೀಕರಣಕ್ಕೆಂದು ಒಂದನ್ನು ನಿಲ್ಲಿಸಿದರೆ ಉಳಿದೆರಡು ಭಾರ ಹೊರುತ್ತವೆ. ಆದರೆ ಮೊದಲನೆಯದು ಜಾಲಕ್ಕೆ ಮರಳದಿರುವಾಗಲೇ ಎರಡನೆಯದನ್ನು ನಿಲ್ಲಿಸಿದರೆ, ಇಡೀ ಸಮೂಹ ಸ್ತಬ್ಧವಾಗುತ್ತದೆ.

ನವೀಕೃತ ಯಂತ್ರವು ಜಾಲಕ್ಕೆ ಮರಳದಿರುವುದೇಕೆ? ಲಿನಕ್ಸ್ ವ್ಯವಸ್ಥೆಯು ಜಾಲದ ಕಾರ್ಡಿಗೆ ಅದು ಕುಳಿತ ಸ್ಥಾನವನ್ನನುಸರಿಸಿ ಹೆಸರಿಡುವುದು ವಾಡಿಕೆ. ಹೊಸ ಕರ್ನೆಲ್ ಬಂದಾಗ ಅಥವಾ ಹೊಸ ಕಾರ್ಡು ಸೇರಿದಾಗ ಈ ಹೆಸರು ಮಾರ್ಪಡುವುದುಂಟು. ವಿನ್ಯಾಸದ ಕಡತವಾದರೋ ಹಳೆಯ ಹೆಸರನ್ನೇ ಹಿಡಿದಿರುತ್ತದೆ. ಕಚೇರಿಯ ಗುಮಾಸ್ತರನ್ನು ಮೇಜಿನ ಸಂಖ್ಯೆಯಿಂದ ಗುರುತಿಸುವ ಪದ್ಧತಿಯಿದ್ದು, ಮೇಜುಗಳ ಸಂಖ್ಯೆ ಬದಲಾದರೆ ಕಾಗದಗಳ ಗತಿ ಏನಾಗುವುದೋ ಇಲ್ಲಿಯೂ ಅದೇ ಗತಿ. ಕಡತ ಅಳಿದಿಲ್ಲ, ಅದು ಸೂಚಿಸುವ ಹೆಸರಿನವರು ಯಾರೂ ಇಲ್ಲ.

ಪರಿಹಾರವೂ ಈ ದೃಷ್ಟಾಂತದಲ್ಲಿಯೇ ಅಡಗಿದೆ. ಪ್ರತಿ ಕಾರ್ಡಿಗೂ ಮ್ಯಾಕ್ ವಿಳಾಸವೆಂಬ ಸ್ವಂತ ಗುರುತುಂಟು. ಹೆಸರನ್ನು ಅದಕ್ಕೆ ಕಟ್ಟಿಟ್ಟರೆ ಸ್ಥಾನ ಬದಲಾದರೂ ಹೆಸರು ಬದಲಾಗದು. 2025ರ ಆಗಸ್ಟಿನಲ್ಲಿ ಹೊರಬಂದ ಪ್ರಾಕ್ಸ್‌ಮಾಕ್ಸ್ 9ನೆಯ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಉಪಕರಣವಿದೆ.

ಕಾರ್ಯಕ್ರಮವು ಹೀಗಿರತಕ್ಕದ್ದು. ಮೊದಲು ಜಾಲವಿನ್ಯಾಸದ ಕಡತವನ್ನೂ, ಯಾವ ಕಾರ್ಡಿಗೆ ಯಾವ ವಿಳಾಸ ಎಂಬ ಪಟ್ಟಿಯನ್ನೂ ಸಮೂಹದ ಹೊರಗೆ ನಕಲು ಮಾಡಿಡಬೇಕು. ಸಮೂಹದೊಳಗೇ ಇಟ್ಟ ನಕಲು ಬೀಗದೊಳಗಿಟ್ಟ ಬೀಗದಕೈಯಂತೆ. ಎರಡನೆಯದಾಗಿ, ಆ ಜಾಲವನ್ನವಲಂಬಿಸದೆ ಯಂತ್ರವನ್ನು ತಲಪುವ ಬೇರೆ ಮಾರ್ಗ ಸಿದ್ಧವಿರಬೇಕು. ಮೂರನೆಯದಾಗಿ, ಕಲ್ಪಿತ ಯಂತ್ರಗಳನ್ನು ಬೇರೆಡೆಗೆ ಸಾಗಿಸಿ, ಸೆಫ್‌ನಲ್ಲಿ ‘ನೋಔಟ್’ ಸಂಜ್ಞೆ ನಿಲ್ಲಿಸಬೇಕು. ಇಲ್ಲವಾದರೆ ರೂಢಿಯ ಏರ್ಪಾಡಿನಂತೆ 600 ಸೆಕೆಂಡು ಕಳೆದ ಮೇಲೆ ಮೌನವಾದ ಡಿಸ್ಕುಗಳನ್ನು ಸಮೂಹವು ಹೊರಗಿನವೆಂದೆಣಿಸುತ್ತದೆ. ನವೀಕರಣದ ನಡುವೆ ಹಳೆಯ ಕಡತವನ್ನು ಉಳಿಸುವುದೋ ಬದಲಿಸುವುದೋ ಎಂಬ ಪ್ರಶ್ನೆ ಬಂದಾಗ ಓದದೆ ಒಪ್ಪಿಗೆ ಕೊಡಲಾಗದು.

ಯಂತ್ರವು ಮತ್ತೆ ಎದ್ದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನಲಾಗದು. ಆಡಳಿತದ ಜಾಲ, ಸಂಗ್ರಹದ ಜಾಲ ಎರಡೂ ಉತ್ತರಿಸುತ್ತಿವೆಯೆ, ಬಹುಮತ ಪೂರ್ಣವಾಗಿದೆಯೆ, ಪ್ರತಿಗಳೆಲ್ಲ ಸರಿಗೂಡಿವೆಯೆ ಎಂಬುದನ್ನು ಕಂಡ ಬಳಿಕವೇ ಎರಡನೆಯದಕ್ಕೆ ಕೈಹಾಕಬೇಕು. ಕೊನೆಯದೂ ಮರಳಿದ ಮೇಲೆ ‘ನೋಔಟ್’ ಸಂಜ್ಞೆಯನ್ನು ತೆಗೆಯಲು ಮರೆಯಬಾರದು. ಒಂದು ಯಂತ್ರದ ನಷ್ಟವನ್ನು ಸಮೂಹ ಸಹಿಸುತ್ತದೆ. ನಿರ್ವಾಹಕನ ಆತುರವನ್ನು ಸಹಿಸದು.