ತೀರ್ಪುಗಾರನಿಲ್ಲದ ಒಕ್ಕೂಟ: ಎರಿಟ್ರಿಯಾದ ಹತ್ತು ವರ್ಷ

ಕೆಂಪು ಸಮುದ್ರದ ದಂಡೆಯ ಎರಿಟ್ರಿಯಾ 1952ರಿಂದ 1962ರವರೆಗೆ ಇಥಿಯೋಪಿಯಾದ ಜೊತೆಗಿನ ಒಕ್ಕೂಟದಲ್ಲಿ ಸ್ವಾಯತ್ತ ಘಟಕವಾಗಿತ್ತು. ಸ್ವಂತ ಸಂವಿಧಾನ, 68 ಸದಸ್ಯರ ಶಾಸನಸಭೆ, ತನ್ನದೇ ಪೊಲೀಸು, ಟಿಗ್ರಿನ್ಯಾ ಮತ್ತು ಅರಬ್ಬಿ ಎಂಬ ಎರಡು ಅಧಿಕೃತ ಭಾಷೆಗಳು, ತಿಳಿನೀಲಿ ಬಟ್ಟೆಯ ನಡುವೆ ಹಸಿರು ಆಲಿವ್ ಎಲೆಗಳ ಮಾಲೆಯಿದ್ದ ಬಾವುಟ, ಎಲ್ಲವೂ ಇದ್ದವು. ಹತ್ತೇ ವರ್ಷದಲ್ಲಿ ಒಂದೂ ಉಳಿಯಲಿಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ನೆಲದಾಹವೇ ಇದಕ್ಕೆ ಕಾರಣ ಎನ್ನುವುದು ರೂಢಿ. ಆ ದೂರು ಸುಳ್ಳಲ್ಲ. ಆದರೆ ಆಸೆಬುರುಕ ದೊರೆಗಳು ಯಾವ ಕಾಲದಲ್ಲಿ ಇರಲಿಲ್ಲ? ಅಂಥವರನ್ನು ತಡೆಯುವ ಏರ್ಪಾಡು ಇತ್ತೇ ಎಂದು ಕೇಳಬೇಕು. ಇರಲಿಲ್ಲ, ಒಕ್ಕೂಟದ ಕಟ್ಟಡದಲ್ಲೇ ಆ ಕಂಬ ಬಿಟ್ಟುಹೋಗಿತ್ತು.

1890ರಿಂದ ಇಟಲಿಯ ವಸಾಹತಾಗಿದ್ದ ಈ ನಾಡು 1941ರಲ್ಲಿ ಬ್ರಿಟಿಷರ ಕೈಗೆ ಬಂತು. ಅದನ್ನು ನಿರ್ಣಯಿಸಿದ ಕೆರೆನ್ ಕದನದಲ್ಲಿ, ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರೂ ಹೋರಾಡಿದ್ದರು. 1950ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಹಾಸಭೆ, ಎರಿಟ್ರಿಯಾ ಸ್ವಾಯತ್ತ ಘಟಕವಾಗಿ ಇಥಿಯೋಪಿಯಾದ ಕಿರೀಟದ ಅಡಿಯಲ್ಲಿ ಸೇರಲಿ ಎಂದು ನಿರ್ಣಯಿಸಿತು. ರಕ್ಷಣೆ, ವಿದೇಶಾಂಗ, ನಾಣ್ಯ, ಹೊರವ್ಯಾಪಾರ, ಬಂದರುಗಳು ಒಕ್ಕೂಟ ಸರ್ಕಾರಕ್ಕೆ, ಉಳಿದದ್ದು ಎರಿಟ್ರಿಯಾಕ್ಕೆ. ಕಾಗದದಲ್ಲಿ ಚೆಂದವೇ. ಆದರೆ ಇಬ್ಬರಿಗೂ ಸೇರಿದ ಪ್ರತ್ಯೇಕ ಒಕ್ಕೂಟ ಸರ್ಕಾರ ಹುಟ್ಟಲೇ ಇಲ್ಲ. ಆಡಿಸ್ ಅಬಾಬಾದ ಅರಮನೆಯ ಸರ್ಕಾರವೇ ಆ ಹೆಸರು ಹೊತ್ತುಕೊಂಡಿತು. ಎರಡೂ ಕಡೆಯಿಂದ ಸಮಸಂಖ್ಯೆಯ ಸದಸ್ಯರಿದ್ದ ಒಕ್ಕೂಟ ಮಂಡಳಿಗೆ ಸಲಹೆ ಕೊಡುವುದಷ್ಟೇ ಕೆಲಸ. ಮಸಾವಾ ಬಂದರಿನ ಸುಂಕದಲ್ಲಿ ಎರಿಟ್ರಿಯಾದ ಪಾಲು ಎಷ್ಟೆಂದು ತಕರಾರು ಎದ್ದರೆ, ಲೆಕ್ಕ ಇಟ್ಟುಕೊಂಡವರ ಬಳಿಯೇ ನ್ಯಾಯ ಕೇಳಬೇಕು. ಚಕ್ರವರ್ತಿಯ ಪ್ರತಿನಿಧಿಯಾಗಿ ಎರಿಟ್ರಿಯಾದ ರಾಜಧಾನಿ ಅಸ್ಮರಾದಲ್ಲಿ ಕೂತವರು ಅವರ ಅಳಿಯ ಅಂದರ್ಗಚೆವ್ ಮೆಸ್ಸಾಯ್. ತಮ್ಮ ಕಚೇರಿಯ ಮಟ್ಟಿಗೆ ಒಳಾಡಳಿತ, ಹೊರಾಡಳಿತ ಎಂಬ ಭೇದವೇ ಇಲ್ಲ ಎಂದು ಅವರು 1955ರಲ್ಲಿ ಶಾಸನಸಭೆಯ ಮುಂದೆಯೇ ಹೇಳಿದರು. ವಿಲೀನದ ಪರವಿದ್ದ, ಎರಿಟ್ರಿಯಾ ಸರ್ಕಾರದ ಮುಖ್ಯ ಕಾರ್ಯನಿರ್ವಾಹಕ ತೆದ್ಲಾ ಬೈರು ಕೂಡ ಅದೇ ವರ್ಷ ಹುದ್ದೆ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದ ಅಸ್ಫಹಾ ವೊಲ್ದೆಮಿಕಾಯೆಲ್ ಚಕ್ರವರ್ತಿಯ ಉಪಪ್ರತಿನಿಧಿಯೂ ಆಗಿದ್ದವರು! ಮುಂದಿನದು ಇಳಿಜಾರು: 1958ರಲ್ಲಿ ಬಾವುಟ ಇಳಿಯಿತು, 1960ರಲ್ಲಿ ‘ಎರಿಟ್ರಿಯಾ ಸರ್ಕಾರ’ ಬರೀ ‘ಎರಿಟ್ರಿಯಾ ಆಡಳಿತ’ವಾಯಿತು.

ಎರಿಟ್ರಿಯಾದವರೇ ವಿಲೀನ ಬಯಸಿದ್ದರಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎತ್ತರದ ಪ್ರದೇಶದ ಕ್ರೈಸ್ತರಲ್ಲಿ ಆ ಒಲವು ನಿಜವಾಗಿಯೂ ಬಲವಾಗಿತ್ತು. ಆದರೂ 1952ರ ಚುನಾವಣೆಯಲ್ಲಿ ವಿಲೀನವಾದಿ ಪಕ್ಷಕ್ಕೆ ಸಿಕ್ಕಿದ್ದು 32 ಸ್ಥಾನ, ಅಂದರೆ ಅರ್ಧಕ್ಕಿಂತ ಕಡಿಮೆ. 1962ರ ನವೆಂಬರ್ 14ರಂದು ಶಾಸನಸಭೆ ತಾನೇ ಒಕ್ಕೂಟವನ್ನು ಮುಗಿಸಿತು ಎನ್ನುವವರು, ಅಂದು ಸಭೆಗೆ ಸೈನ್ಯದ ಕಾವಲಿತ್ತು ಎಂಬುದನ್ನೂ ಹೇಳಬೇಕು. ವಿಶ್ವಸಂಸ್ಥೆ ಕಾಯಬಹುದಿತ್ತಲ್ಲ ಎಂದರೆ, ಮಹಾಸಭೆಯಲ್ಲಿ ದೂರು ಎತ್ತಬೇಕಾದದ್ದು ಸದಸ್ಯ ರಾಷ್ಟ್ರ. ಎರಿಟ್ರಿಯಾದ ವಿದೇಶಾಂಗವೋ ಇಥಿಯೋಪಿಯಾದ ಕೈಯಲ್ಲಿತ್ತು. ಅಮೆರಿಕ 1953ರಲ್ಲೇ ಅಸ್ಮರಾದ ಕಾಗ್ನ್ಯೂ ರೇಡಿಯೊ ನೆಲೆಗಾಗಿ ಚಕ್ರವರ್ತಿಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅದು ಬಾಯಿ ಬಿಡುವ ಮಾತೇ ಇರಲಿಲ್ಲ. ದೂರು ಕೊಡಲು ಕಚೇರಿಯಿಲ್ಲದವರು ಕೋವಿ ಹಿಡಿದರು. 1961ರ ಸೆಪ್ಟೆಂಬರಿನಲ್ಲಿ ಹಮೀದ್ ಇದ್ರಿಸ್ ಅವಾತೆ ಆರಂಭಿಸಿದ ಬಂಡಾಯ 1991ರವರೆಗೂ ನಡೆಯಿತು. 1993ರ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಶೇಕಡಾ 99.8 ಮಂದಿ ಸ್ವಾತಂತ್ರ್ಯ ಬೇಕೆಂದರು.

ಇಥಿಯೋಪಿಯಾ 1995ರಿಂದ ತಾನೇ ಒಕ್ಕೂಟವಾಗಿದೆ, ಅದರ ಸಂವಿಧಾನದ 39ನೇ ವಿಧಿ ಪ್ರತ್ಯೇಕಗೊಳ್ಳುವ ಹಕ್ಕನ್ನೂ ಕೊಡುತ್ತದೆ. ಆದರೆ ಆ ಸಂವಿಧಾನದ ಅರ್ಥ ಹೇಳುವ ಅಂತಿಮ ಅಧಿಕಾರ ನ್ಯಾಯಾಲಯಕ್ಕಿಲ್ಲ, ಒಕ್ಕೂಟ ಸದನ ಎಂಬ ರಾಜಕೀಯ ಸಭೆಗಿದೆ. 2020ರಲ್ಲಿ ಟಿಗ್ರಾಯ್ ಪ್ರಾಂತ್ಯ ನಡೆಸಿದ ಚುನಾವಣೆ ಅಸಿಂಧು ಎಂದದ್ದು ಅದೇ ಸದನ. ಆ ನವೆಂಬರಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು.