ಕೊಟ್ಟಷ್ಟರಲ್ಲೇ ನಿಲ್ಲುವ ವಿದ್ಯೆ

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಆದುದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಮಠದ ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಈ ಬೆಟ್ಟವೂ ಈ ಹೊಗೆಯೂ ಚಿರಪರಿಚಿತ. ನಾವೂ ಬಾಲ್ಯದಲ್ಲಿ ಗುರುಗಳೆದುರು ಚಾಪೆಯ ಮೇಲೆ ಕುಳಿತು ಇದನ್ನು ಕಂಠಸ್ಥ ಮಾಡಿದವರೇ. ಐವತ್ತು ವರ್ಷಗಳ ತರುವಾಯ ಅದೇ ವಿದ್ಯೆಯು ‘ತಾರ್ಕಿಕ ಸಾಮರ್ಥ್ಯ’, ‘ಬೌದ್ಧಿಕ ಸಾಮರ್ಥ್ಯ’ ಎಂಬ ಹೊಸ ಹೆಸರುಗಳನ್ನು ಧರಿಸಿ, ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆಯ ರೂಪದಲ್ಲಿ ನಮ್ಮ ಮನೆಮಕ್ಕಳ ಎದುರು ನಿಲ್ಲುವುದೆಂದು ಅಂದು ಯಾರು ಊಹಿಸಿದ್ದರು!

ಇಂದು ಐದನೆಯ ತರಗತಿಯ ಮಗುವಿನಿಂದ ಹಿಡಿದು ಪದವೀಧರನವರೆಗೆ ಯಾರಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ. ಜವಾಹರ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಬೌದ್ಧಿಕ ಸಾಮರ್ಥ್ಯಕ್ಕೇ ಮೀಸಲು. ಎಂಟನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಒಂದು ಪತ್ರಿಕೆಯೇ ಇದಕ್ಕೆ ಮೀಸಲು: 90 ಪ್ರಶ್ನೆ, 90 ನಿಮಿಷ. ಕಾನೂನು ವ್ಯಾಸಂಗಕ್ಕೆ ಕ್ಲ್ಯಾಟ್, ವ್ಯವಹಾರಾಡಳಿತಕ್ಕೆ ಕ್ಯಾಟ್, ಬ್ಯಾಂಕು ನೌಕರಿಗೆ ಬೇರೆ ಬೇರೆ ಪರೀಕ್ಷೆಗಳು. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಗೂ 2011ರಲ್ಲಿ ಇಂಥದೊಂದು ಪತ್ರಿಕೆ ಸೇರಿತು. 2015ರಿಂದ ಅದರಲ್ಲಿ ಶೇಕಡ 33 ಅಂಕ ಪಡೆದರೆ ಸಾಕೆಂದಾಯಿತು. ಆದರೆ ಆ 33 ದಕ್ಕದೆ ಹೋದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಪ್ರಯೋಜನವಿಲ್ಲ.

ಈ ಕಾರಣದಿಂದ ಮನೆಮನೆಯಲ್ಲೂ ದಪ್ಪ ಪುಸ್ತಕಗಳು ಬಂದಿವೆ. ‘ನಮ್ಮ ಮಗ ಎರಡು ಸಾವಿರ ಪ್ರಶ್ನೆ ಬಿಡಿಸಿದ್ದಾನೆ’ ಎಂದು ಹೇಳಿಕೊಳ್ಳುವ ತಂದೆ-ತಾಯಿಗಳನ್ನು ನಾವು ಕಾಣುತ್ತೇವೆ. ಎಷ್ಟು ಬಿಡಿಸಿದ ಎಂಬುದಕ್ಕಿಂತ ಹೇಗೆ ಬಿಡಿಸಿದ ಎಂಬುದೇ ಮುಖ್ಯವೆಂದು ನಾವು ಅರಿತದ್ದು ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮುಚ್ಚಿಡದೆ ಇಲ್ಲಿ ಹೇಳುವುದು ಯುಕ್ತ.

ಪಂಡಿತರು ಎಡವಿದ ಕಥೆ

ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದ ಮಕ್ಕಳಿಗೆ ಭಾನುವಾರದಂದು ತರ್ಕದ ಪ್ರಶ್ನೆಗಳನ್ನು ಹೇಳಿಕೊಡುವ ಹೊಣೆ ನಮ್ಮ ಪಾಲಿಗೆ ಬಂದಿತು. ತರ್ಕಶಾಸ್ತ್ರ ಓದಿದವರಿಗೆ ಇದೇನು ಮಹಾ ಎಂಬ ಸಣ್ಣ ಅಹಂಕಾರ ನಮ್ಮಲ್ಲಿ ಇದ್ದದ್ದು ನಿಜ. ಎಂಟನೆಯ ತರಗತಿಯ ಒಬ್ಬ ಹುಡುಗ, ಮಾರುಕಟ್ಟೆಯಲ್ಲಿ ಮೂಟೆ ಹೊರುವ ತಂದೆಯ ಮಗ, ಎನ್‌ಎಂಎಂಎಸ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದ. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಆ ಮನೆಗೆ ಅದು ಸಣ್ಣ ಮೊತ್ತವಲ್ಲ.

ಒಂದು ದಿನ ಅವನು ಅಭ್ಯಾಸ ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ನಮ್ಮೆದುರು ಇಟ್ಟ. ‘ಎಲ್ಲ ಹಸುಗಳೂ ಮರಗಳು. ಎಲ್ಲ ಮರಗಳೂ ಕಲ್ಲುಗಳು. ಆದುದರಿಂದ ಎಲ್ಲ ಹಸುಗಳೂ ಕಲ್ಲುಗಳು. ಈ ನಿರ್ಣಯ ಸರಿಯೇ?’ ನಾವು ತಡಮಾಡದೆ ಸರಿಯಲ್ಲವೆಂದೆವು. ಹಸು ಮರವಲ್ಲವೆಂದು ಕಣ್ಣೇ ಹೇಳುತ್ತದೆ. ಪ್ರತ್ಯಕ್ಷಕ್ಕೆ ವಿರೋಧವಾದ ಮಾತಿನಿಂದ ಯಾವ ನಿರ್ಣಯವೂ ಹೊರಡದು ಎಂದು ವಿವರಿಸಿದೆವು. ಪುಸ್ತಕದ ಕೊನೆಯಲ್ಲಿ ‘ಸರಿ’ ಎಂದಿದೆಯೆಂದು ಹುಡುಗ ಅಂಜುತ್ತ ತೋರಿಸಿದ. ಅಚ್ಚಿನ ದೋಷವಿರಬೇಕೆಂದು ನಾವು ಹೇಳಿ ಮುಂದುವರಿದೆವು.

ದೋಷವಿದ್ದದ್ದು ಅಚ್ಚಿನಲ್ಲಲ್ಲ, ನಮ್ಮಲ್ಲಿ. ನಮ್ಮ ನ್ಯಾಯಶಾಸ್ತ್ರವು ಸತ್ಯವನ್ನು ಅರಿಯುವ ಸಾಧನ. ಆದುದರಿಂದ ಅಲ್ಲಿ ಹೇತುವೂ ನಿಜವಾಗಿರಬೇಕು, ಅಡಿಗೆಮನೆಯ ಒಲೆಯಂಥ ಕಣ್ಣಾರೆ ಕಂಡ ಉದಾಹರಣೆಯೂ ಬೇಕು. ಪರೀಕ್ಷೆಯ ತರ್ಕವಾದರೋ ಬೇರೆಯದು. ಹೇಳಿಕೆ ನಿಜವೇ ಎಂದು ಅದು ಕೇಳುವುದಿಲ್ಲ. ಇದನ್ನು ಒಪ್ಪಿಕೊಂಡರೆ ಮತ್ತೇನನ್ನು ಒಪ್ಪಲೇಬೇಕಾಗುತ್ತದೆ ಎಂಬಷ್ಟನ್ನೇ ಕೇಳುತ್ತದೆ. ಹಸುಗಳ ವೃತ್ತವು ಮರಗಳ ವೃತ್ತದೊಳಗೆ, ಮರಗಳ ವೃತ್ತವು ಕಲ್ಲುಗಳ ವೃತ್ತದೊಳಗೆ ಇದ್ದರೆ, ಹಸುಗಳ ವೃತ್ತ ಕಲ್ಲುಗಳ ವೃತ್ತದಿಂದ ಹೊರಗೆ ಹೋಗುವುದೆಲ್ಲಿಗೆ?

ಇದು ನಮಗೆ ಹೊಳೆಯುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಅಂಥ ಪ್ರಶ್ನೆಗಳು ಎರಡಿದ್ದವೆಂದೂ, ನಾವು ಹೇಳಿದಂತೆಯೇ ಬರೆದೆನೆಂದೂ ಹುಡುಗ ತಿಳಿಸಿದ. ಅವನ ಹೆಸರು ಆಯ್ಕೆಪಟ್ಟಿಯಲ್ಲಿ ಬರಲಿಲ್ಲ. ಆ ಎರಡು ಪ್ರಶ್ನೆಗಳಿಂದಲೇ ಹಾಗಾಯಿತೆಂದು ಹೇಳುವುದೂ ತರ್ಕಸಮ್ಮತವಲ್ಲ. ಆದರೆ ಮನಸ್ಸಿಗೆ ಸಮಾಧಾನ ಹೇಳಲು ಆ ತರ್ಕ ಸಾಲಲಿಲ್ಲ.

ಹೆಚ್ಚು ಹೇಳದಿರುವುದೇ ಜಾಣತನ

ಅಂದಿನಿಂದ ನಾವು ನೂರಾರು ಪ್ರಶ್ನೆಗಳನ್ನು ಮಕ್ಕಳೊಡನೆ ಕುಳಿತು ಬಿಡಿಸಿದ್ದೇವೆ. ತಪ್ಪುಗಳಲ್ಲಿ ಬಹುಪಾಲಿಗೆ ಮೂಲ ಒಂದೇ: ಕೊಟ್ಟದ್ದಕ್ಕಿಂತ ಹೆಚ್ಚನ್ನು ನಾವೇ ಸೇರಿಸಿಕೊಳ್ಳುವುದು. ‘ಎಲ್ಲ ವೈದ್ಯರೂ ಪದವೀಧರರು, ಕೆಲವು ಪದವೀಧರರು ಗಾಯಕರು’ ಎಂದರೆ ‘ಕೆಲವು ವೈದ್ಯರು ಗಾಯಕರು’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಗಾಯಕರಾದ ಆ ಪದವೀಧರರಲ್ಲಿ ಒಬ್ಬ ವೈದ್ಯನೂ ಇಲ್ಲದಿರಬಹುದಲ್ಲ! ಇಲ್ಲಿ ಹಳೆಯ ತರ್ಕವು ಸಹಾಯಕ್ಕೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿಕಟ್ಟಿಗೆಯೂ ಬೇಕು. ವ್ಯಾಪ್ತಿಯನ್ನು ತಿರುವಿ ಹಾಕಬಾರದೆಂಬ ಈ ಒಂದು ಪಾಠ ಮನಸ್ಸಿಗೆ ನಾಟಿದರೆ ‘ಎಲ್ಲ’, ‘ಕೆಲವು’ಗಳ ಅರ್ಧ ತೊಡಕು ಬಿಡಿಸಿದಂತೆಯೇ ಸರಿ.

ಪೂರ್ವಕಲ್ಪನೆಯ ಪ್ರಶ್ನೆಗಳಲ್ಲೂ ಇದೇ ನಿಯಮ. ‘ಜ್ವರ ಬಂದರೆ ವೈದ್ಯರ ಬಳಿಗೆ ಹೋಗಿ’ ಎಂಬ ಮಾತಿನ ಹಿಂದೆ, ವೈದ್ಯರು ಜ್ವರಕ್ಕೆ ಚಿಕಿತ್ಸೆ ನೀಡಬಲ್ಲರೆಂಬ ಕಲ್ಪನೆಯಿದೆ. ಮನೆಮದ್ದು ನಿರುಪಯುಕ್ತವೆಂಬ ಕಲ್ಪನೆ ಇಲ್ಲ. ಹಗಲಿನಲ್ಲಿ ಉಣ್ಣದ ದೇವದತ್ತನು ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ಸಾಧಿಸುತ್ತಾರೆ. ಯಾವುದನ್ನು ಒಪ್ಪದಿದ್ದರೆ ಹೇಳಿದ ಮಾತು ನಿಲ್ಲುವುದೇ ಇಲ್ಲವೋ ಅದು ಮಾತ್ರ ಪೂರ್ವಕಲ್ಪನೆ. ದೇವದತ್ತನು ಹೋಳಿಗೆಯನ್ನೇ ಉಣ್ಣುತ್ತಾನೆಂದು ಸೇರಿಸಲು ನಮಗೆ ಅಧಿಕಾರವಿಲ್ಲ.

ನಂಟಸ್ತಿಕೆಯ ಪ್ರಶ್ನೆಗಳು ಕನ್ನಡದ ಮಕ್ಕಳಿಗೆ ಒಂದು ವಿಶೇಷ ತೊಡಕನ್ನು ಒಡ್ಡುತ್ತವೆ. ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಪದದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಅಡಗಿದ್ದಾರೆ. ನಮ್ಮ ‘ಅತ್ತೆ’ಯಾದರೋ ತಂದೆಯ ಸೋದರಿಯೂ ಹೌದು, ಸೋದರಮಾವನ ಮಡದಿಯೂ ಹೌದು, ಗಂಡನ ಅಥವಾ ಹೆಂಡತಿಯ ತಾಯಿಯೂ ಹೌದು. ಸೋದರಿಕೆಯ ಸಂಬಂಧಗಳು ನಡೆದ ಮನೆಗಳಲ್ಲಿ ಒಬ್ಬರೇ ಎರಡೆರಡು ಬಗೆಯಲ್ಲಿ ನಂಟರು. ಮಗು ತನ್ನ ಮನೆಯನ್ನು ಪ್ರಶ್ನೆಯೊಳಕ್ಕೆ ತಂದುಕೊಂಡಿತೆಂದರೆ ಉತ್ತರ ಕೆಟ್ಟಿತು. ಆದುದರಿಂದ ಹಾಳೆಯ ಮೇಲೆ ತಲೆಮಾರಿಗೊಂದು ಗೆರೆ ಎಳೆದು, ಹೇಳಿದ ವ್ಯಕ್ತಿಗಳನ್ನಷ್ಟೇ ಗುರುತಿಸಬೇಕು. ‘ಇವನ ತಾಯಿ ನನ್ನ ತಾಯಿಯ ಒಬ್ಬಳೇ ಮಗಳು’ ಎಂದು ಒಬ್ಬ ಮಹಿಳೆ ಹೇಳಿದರೆ ಅವಳು ಅವನಿಗೆ ಏನಾಗಬೇಕು? ಕೊನೆಯಿಂದ ಬಿಡಿಸಬೇಕು. ನನ್ನ ತಾಯಿಯ ಒಬ್ಬಳೇ ಮಗಳೆಂದರೆ ನಾನೇ. ಹಾಗಾದರೆ ಅವಳೇ ಅವನ ತಾಯಿ.

ಮನೆಯಂಗಳದ ಪಾಠಗಳು

ಈ ವಿದ್ಯೆಗೆಲ್ಲ ಪಟ್ಟಣದ ತರಬೇತಿ ಕೇಂದ್ರವೇ ಬೇಕೆಂಬುದು ಭ್ರಮೆ. ದಿಕ್ಕುಗಳ ಪ್ರಶ್ನೆಯಲ್ಲಿ ಹಳ್ಳಿಯ ಮಗು ಪಟ್ಟಣದ ಮಗುವಿಗಿಂತ ಮುಂದಿರಬೇಕು. ಮೂಡಣ-ಪಡುವಣಗಳ ಅರಿವು ಅದಕ್ಕೆ ಹೊಲದಲ್ಲೇ ದಕ್ಕಿರುತ್ತದೆ. ಬೆಳಿಗ್ಗೆ ಸೂರ್ಯೋದಯದ ಬಳಿಕ ಒಬ್ಬನ ನೆರಳು ಅವನ ಬಲಕ್ಕೆ ಬಿದ್ದಿದೆ. ಅವನು ಯಾವ ದಿಕ್ಕಿಗೆ ಮುಖ ಮಾಡಿದ್ದಾನೆ? ಮಗುವನ್ನು ಅಂಗಳದಲ್ಲಿ ನಿಲ್ಲಿಸಿ. ನೆರಳು ಪಡುವಣಕ್ಕೆ, ಪಡುವಣ ಬಲಗೈಗೆ. ಆದುದರಿಂದ ಮುಖ ತೆಂಕಣಕ್ಕೆ. ಒಮ್ಮೆ ನಿಂತು ಕಂಡದ್ದು ಹತ್ತು ಸಲ ಓದಿದ್ದಕ್ಕೆ ಸಮ.

ನವೋದಯ ಪರೀಕ್ಷೆಯ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳೆಲ್ಲ ಚಿತ್ರಗಳ ರೂಪದಲ್ಲಿರುತ್ತವೆ: ಗುಂಪಿಗೆ ಸೇರದ ಆಕೃತಿ, ಕನ್ನಡಿಯ ಬಿಂಬ, ಮಡಿಸಿ ಕತ್ತರಿಸಿದ ಕಾಗದ. ಚುಕ್ಕಿ ರಂಗೋಲಿ ಹಾಕುವ ಮಗುವಿಗೆ ಸಮಮಿತಿಯ ಪಾಠ ಆಗಿಯೇ ಇರುತ್ತದೆ. ಕಾಗದವನ್ನು ನಿಜವಾಗಿ ಮಡಿಸಿ ಕತ್ತರಿಸಲಿ. ಅಕ್ಷರಗಳನ್ನು ನಿಜವಾದ ಕನ್ನಡಿಯ ಮುಂದೆ ಹಿಡಿದು ನೋಡಲಿ. ಮೊದಲು ಕೈ ಕಲಿಯಬೇಕು, ಆಮೇಲೆ ಕಣ್ಣು, ಕೊನೆಗೆ ಮನಸ್ಸು.

ಪಂಚಾಂಗ ನೋಡುವ ಮನೆಗಳಲ್ಲಿ ವಾರ ಲೆಕ್ಕದ ಪ್ರಶ್ನೆಗಳು ಸುಲಭವಾಗಬೇಕು. 1950ರ ಜನವರಿ 26 ಗುರುವಾರವಾಗಿತ್ತು. ಕರ್ನಾಟಕ ಏಕೀಕರಣದ ದಿನವಾದ 1956ರ ನವೆಂಬರ್ 1 ಯಾವ ವಾರ? ಸಾಧಾರಣ ವರ್ಷದಲ್ಲಿ 52 ವಾರಗಳು ಕಳೆದು ಒಂದು ದಿನ ಉಳಿಯುತ್ತದೆ. ಆರು ವರ್ಷಗಳಿಗೆ ಆರು ದಿನ, ನಡುವೆ ಬಂದ 1952ರ ಫೆಬ್ರುವರಿ 29ಕ್ಕೆ ಒಂದು, ಒಟ್ಟು ಏಳು. ಅಂದರೆ 1956ರ ಜನವರಿ 26ರಂದೂ ಗುರುವಾರವೇ. 1956 ಅಧಿಕ ವರ್ಷ. ಅಲ್ಲಿಂದ ನವೆಂಬರ್ 1ಕ್ಕೆ 280 ದಿನ, ಅಂದರೆ ಸರಿಯಾಗಿ 40 ವಾರ. ಆದುದರಿಂದ ಅಂದೂ ಗುರುವಾರ. ಇಂಥ ಲೆಕ್ಕವನ್ನು ಮಕ್ಕಳ ಹುಟ್ಟಿದ ದಿನಗಳಿಗೆ ಹಚ್ಚಿ ನೋಡಿ. ಅವರೇ ಬಿಡದೆ ಕೂಡುತ್ತಾರೆ.

ಅಭ್ಯಾಸದ ಕ್ರಮ

ಅಭ್ಯಾಸಕ್ಕೆ ಮೂರು ಮೆಟ್ಟಿಲುಗಳುಂಟು. ಮೊದಲ ತಿಂಗಳು ಗಡಿಯಾರವನ್ನು ದೂರವಿಡಬೇಕು. ದಿನಕ್ಕೆ ಹತ್ತೇ ಪ್ರಶ್ನೆಗಳು ಸಾಕು. ಆದರೆ ಪ್ರತಿಯೊಂದಕ್ಕೂ ಉತ್ತರದೊಡನೆ ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಪ್ರತಿಜ್ಞೆ ಹೇಳಿದವನು ಹೇತುವನ್ನೂ ಹೇಳಬೇಕೆಂಬುದು ನಮ್ಮ ಹಿರಿಯರ ನಿಯಮ. ಕಾರಣ ಹೇಳಲಾಗದೆ ಸರಿಯಾದ ಉತ್ತರವನ್ನೂ ತಪ್ಪೆಂದೇ ಎಣಿಸಬೇಕು.

ಎರಡನೆಯದು ತಪ್ಪುಗಳ ಪುಸ್ತಕ. ತಪ್ಪಿದ ಪ್ರಶ್ನೆ, ತಾನು ಯೋಚಿಸಿದ ರೀತಿ, ತಪ್ಪಿದ ಜಾಗ ಎಂಬ ಮೂರು ಅಂಕಣಗಳನ್ನು ಮಗು ತಾನೇ ತುಂಬಬೇಕು. ‘ಅವಸರದಿಂದ ತಪ್ಪಾಯಿತು’ ಎಂದು ಬರೆದರೆ ಒಪ್ಪಬೇಡಿ. ‘ಕೆಲವು ಎಂಬುದನ್ನು ಎಲ್ಲ ಎಂದು ಓದಿದೆ’, ‘ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿದೆ’ ಎಂದು ನಿರ್ದಿಷ್ಟವಾಗಿರಬೇಕು. ಎರಡು ತಿಂಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಮ್ಮ ತಪ್ಪುಗಳು ನೂರಲ್ಲ, ನಾಲ್ಕೈದೇ, ಅವೇ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತಿವೆ.

ಮೂರನೆಯ ಮೆಟ್ಟಿಲಿನಲ್ಲಿ ಗಡಿಯಾರ ಬರಲಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯನ್ನು ನಿಗದಿತ ಅವಧಿಯಲ್ಲಿ, ಒಂದೇ ಕುಳಿತದಲ್ಲಿ ಬಿಡಿಸಬೇಕು. ತೊಡಕಾದುದನ್ನು ಬಿಟ್ಟು ಮುಂದಕ್ಕೆ ಹೋಗುವುದೂ ಕಲಿಯಬೇಕಾದ ವಿದ್ಯೆಯೇ. ತಿಳಿಯದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಬೇಕೇ ಎಂಬುದಕ್ಕೂ ಲೆಕ್ಕವಿದೆ. ನವೋದಯ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಲ್ಲಿ ಯಾವುದನ್ನೂ ಖಾಲಿ ಬಿಡಬಾರದು. ಲೋಕಸೇವಾ ಆಯೋಗದ ಪತ್ರಿಕೆಯಲ್ಲಿ ಸರಿಯುತ್ತರಕ್ಕೆ ಎರಡೂವರೆ ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಭಾಗ ಖೋತಾ. ಅಲ್ಲಿ 12 ಪ್ರಶ್ನೆಗಳಿಗೆ ಕುರುಡಾಗಿ ಗುರುತಿಸಿದರೆ ಸರಾಸರಿ ಮೂರು ಸರಿಯಾಗಿ ಏಳೂವರೆ ಅಂಕ ಬರುತ್ತದೆ. ಒಂಬತ್ತು ತಪ್ಪಾಗಿ ಅದೇ ಏಳೂವರೆ ಹೋಗುತ್ತದೆ. ಬಂದದ್ದು ಸೊನ್ನೆ. ಆದರೆ ನಾಲ್ಕರಲ್ಲಿ ಎರಡನ್ನು ಕಾರಣಸಹಿತ ತಳ್ಳಿಹಾಕಬಲ್ಲವನಿಗೆ ಉಳಿದೆರಡರಲ್ಲಿ ಒಂದನ್ನು ಆರಿಸುವುದು ಲಾಭದ ಮಾರ್ಗ.

ತಂದೆ-ತಾಯಿಗಳಲ್ಲಿ ನಮ್ಮದೊಂದು ವಿನಂತಿ. ನವೋದಯದ ಪ್ರವೇಶ ಪರೀಕ್ಷೆಗೆ ಒಂದು ಮಗು ಒಂದೇ ಸಲ ಕೂರಬಹುದು. ಆ ಭಾರವನ್ನು ಹತ್ತು ವರ್ಷದ ಹೆಗಲ ಮೇಲೆ ಹೊರಿಸಬೇಡಿ. ನೆರೆಮನೆಯ ಮಗುವಿನ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ. ತಪ್ಪಿಗೆ ಬೈಗುಳ ಬಿದ್ದ ಮನೆಯಲ್ಲಿ ಮಗು ತಪ್ಪನ್ನು ಅಡಗಿಸುತ್ತದೆ. ಅಡಗಿಸಿದ ತಪ್ಪನ್ನು ತಿದ್ದುವವರು ಯಾರು?

ಆ ಹುಡುಗನ ಮಾತನ್ನು ಹೇಳಿ ಮುಗಿಸುತ್ತೇವೆ. ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ನಾವು ತರಗತಿಯ ಎಲ್ಲರೆದುರು ಹಸು-ಮರಗಳ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ನಮ್ಮ ಉತ್ತರ ತಪ್ಪಾಗಿತ್ತೆಂದೂ ಅವನ ಸಂಶಯ ಸರಿಯಾಗಿತ್ತೆಂದೂ ಹೇಳಿದೆವು. ಅವನು ತಲೆ ತಗ್ಗಿಸಿ ಕುಳಿತಿದ್ದ; ಆದರೆ ಮುಂದಿನ ವಾರ ತಪ್ಪುಗಳ ಪುಸ್ತಕವೊಂದನ್ನು ಹೊಲಿದು ತಂದ. ಅವನೀಗ ಪದವಿ ತರಗತಿಯಲ್ಲಿದ್ದಾನೆ. ಪುಸ್ತಕ ಅವನ ತಂಗಿಯ ಕೈಯಲ್ಲಿದೆ. ಈ ವರ್ಷ ಅವಳು ಎಂಟನೆಯ ತರಗತಿ. ಮೊನ್ನೆ ಅವಳು ಅದನ್ನು ತೆರೆದು ತೋರಿಸಿದಳು. ಮೊದಲ ಪುಟದಲ್ಲಿ, ಮೂರು ಅಂಕಣಗಳಲ್ಲಿ, ಅಣ್ಣನ ಗುಂಡು ಅಕ್ಷರಗಳಲ್ಲಿ ಬರೆದಿದ್ದ ಮೊದಲನೆಯ ತಪ್ಪು ನಮ್ಮದೇ ಆಗಿತ್ತು. ‘ತಪ್ಪಿದ ಜಾಗ’ ಎಂಬ ಅಂಕಣದಲ್ಲಿ ಹೀಗಿತ್ತು: ‘ಸಂಶಯ ಬಂದರೂ ಕೇಳದೆ ಬಿಟ್ಟದ್ದು.’ ಆ ಸಾಲು ಅವನನ್ನು ಕುರಿತದ್ದೋ ನಮ್ಮನ್ನು ಕುರಿತದ್ದೋ ನಾವು ಕೇಳಲಿಲ್ಲ. ಇಬ್ಬರಿಗೂ ಸಲ್ಲುವಂತಿತ್ತು.